ಉಡಿಗೆ ಬಿದ್ದ ಹುಲಿ ರೂಪಾಯಿ

ಮನುಷ್ಯನಿಗೆ ಏನಾದರೊಂದು ಹವ್ಯಾಸ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ಹೀಗೆ ಹೇಳುವವರಲ್ಲಿ ಒಬ್ಬರಾದರೂ ಹವ್ಯಾಸ ಇರುವವನ ಹೆಂಡತಿಯನ್ನು ಕೇಳಿ ಬಂದು ಹೇಳಿದ್ದನ್ನು ನಾನು ಕಂಡಿಲ್ಲ. ನನಗಿರುವುದು ಹಳೆಯ ನಾಣ್ಯ ಕೂಡಿಡುವ ಹವ್ಯಾಸ. ಇಸ್ಪೀಟು, ಕುಡಿತ, ರಾಜಕೀಯ ಇವುಗಳ ಮುಂದೆ ಇದು ತೀರ ಸಾಧು ಹವ್ಯಾಸ ಎಂದು ಮದುವೆಯಾದ ಹೊಸದರಲ್ಲೇ ನನ್ನ ಹೆಂಡತಿ ನೀಲಾಳಿಗೆ ವಿವರವಾಗಿ ಹೇಳಿದ್ದೆ. ಅವಳು ಪೂರ್ತಿ ಕೇಳಿಸಿಕೊಂಡು, "ಕುಡಿಯೋರು ಹೊರಗೆ ಕುಡಿದು ಬರ್ತಾರೆ. ನೀವು ಇದನ್ನ ಊಟದ ಟೇಬಲ್ ಮ್ಯಾಲೆ ಹರವಿಕೊಂಡು ಕೂಡ್ತೀರಲ್ರಿ" ಎಂದಿದ್ದಳು. ಆ ಮಾತಿಗೆ ಉತ್ತರ ಹುಡುಕುತ್ತಾ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ.

ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮದು ಗೋಣಿಚೀಲದ ಅಂಗಡಿ, ಅಜ್ಜನ ಕಾಲದ್ದು. ದಿನವಿಡೀ ಗೋಣಿಯ ಧೂಳು ಕುಡಿದು, ಸಂಜೆ ಎಸ್.ಎಸ್. ಬಡಾವಣೆಯ ಮನೆಗೆ ಬಂದು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ನಾಣ್ಯ ಹಿಡಿಯುತ್ತೇನೆ. ಹಿಡಿಯುವುದೂ ಅಂಚಿನಲ್ಲಿ, ಎರಡೇ ಬೆರಳಲ್ಲಿ. ಮುಖದ ಮೇಲೆ ಬೆರಳು ತಾಗಿತೋ, ಬೆವರಿನ ಗುರುತು ಅಲ್ಲೇ ಕೂತು ನಾಣ್ಯವನ್ನು ತಿನ್ನುತ್ತದೆ. ಇದನ್ನು ನೋಡಿದ ನಮ್ಮ ಪಕ್ಕದಂಗಡಿಯವರು ನಾನು ವೈದ್ಯನಾಗಬೇಕಿತ್ತು ಎಂದರು. ನೀಲಾ ಮಾತ್ರ, "ಹಾಲಿನ ಪಾತ್ರೆ ಇಳಿಸ್ರಿ ಅಂದ್ರೆ ಕೈಯೇ ತೊಳೀದೆ ಬರ್ತಾರೆ" ಎಂದು ಆ ಹೊಗಳಿಕೆಯನ್ನು ಅಲ್ಲೇ ಮುಗಿಸಿದಳು.

ನನ್ನ ಈ ವಿದ್ಯೆಗೆ ಗುರು ಹರಿಹರದ ಹಾಲೇಶಪ್ಪನವರು. ನಿವೃತ್ತ ಬ್ಯಾಂಕ್ ಮ್ಯಾನೇಜರು. ಸೇವೆಯಲ್ಲಿದ್ದಾಗ ಸಾಲ ಕೇಳಲು ಬಂದವರನ್ನು ನೋಡುತ್ತಿದ್ದ ಕಣ್ಣಿನಲ್ಲೇ ಈಗ ನಾಣ್ಯಗಳನ್ನು ನೋಡುತ್ತಾರೆ. ಅವರ ಜೇಬಿನಲ್ಲಿ ಒಂದು ಭೂತಗನ್ನಡಿ, ಒಂದು ಸಣ್ಣ ಆಯಸ್ಕಾಂತ ಯಾವಾಗಲೂ ಇರುತ್ತವೆ. "ಬೆಳ್ಳಿ ಅಂತ ಹೇಳಿ ಕೊಟ್ಟದ್ದು ಇದಕ್ಕೆ ಅಂಟಬಾರದು. ನಿಕ್ಕಲ್ ಅಂತ ಹೇಳಿದ್ದು ಅಂಟದೇ ಇರಬಾರದು. ಆಮ್ಯಾಲೆ ತೂಕ ನೋಡ್ರಿ, ಅಂಚು ನೋಡ್ರಿ. ಹೊಲ ಉಳುವಾಗ ನಿಧಿ ಸಿಕ್ತು ಅಂತ ಯಾರಾದ್ರೂ ಕಥಿ ಶುರು ಮಾಡಿದ್ರೆ, ನಮಸ್ಕಾರ ಹೇಳಿ ಎದ್ದು ಬರ್ರಿ" ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. ನಾನು ಆ ಮಾತನ್ನು ಒಪ್ಪಿ, ಅದಾದ ಕೆಲವೇ ದಿನಕ್ಕೆ ಸಂತೆಯಲ್ಲಿ ಒಬ್ಬನಿಂದ ಹೊಲ ಉಳುವಾಗ ಸಿಕ್ಕ ವಿಜಯನಗರದ ಚಿನ್ನದ ಹಣವೊಂದನ್ನು ಕೊಂಡು ತಂದೆ. ಅವನು ಕಥೆಯನ್ನು ಬಹಳ ಚೆನ್ನಾಗಿ ಹೇಳಿದ್ದ. ಆ ಚಿನ್ನ ಹಾಲೇಶಪ್ಪನವರ ಆಯಸ್ಕಾಂತಕ್ಕೆ ಎಂಥ ಪ್ರೀತಿಯಿಂದ ಅಂಟಿಕೊಂಡಿತೆಂದರೆ, ಬಿಡಿಸಲು ಉಗುರು ಹಾಕಬೇಕಾಯಿತು. ಅವರು ನನಗೆ ಕಾಫಿ ತರಿಸಿದರು.

ಕೊಳ್ಳುವುದಕ್ಕಿಂತ ಅವರು ಹೆಚ್ಚು ಕಟ್ಟುನಿಟ್ಟು ಮಾಡುತ್ತಿದ್ದುದು ತೊಳೆಯುವ ವಿಷಯದಲ್ಲಿ. ಹಳೆಯ ನಾಣ್ಯದ ಮೇಲೆ ಕಾಲ ತಾನೇ ಒಂದು ಬಣ್ಣ ಬರಿಸಿರುತ್ತದೆ. ಅದು ಕೊಳೆಯಲ್ಲ, ಅದೇ ಅದರ ಬೆಲೆ. ಉಜ್ಜಿ ಹೊಳಪು ಬರಿಸಿದಿರೋ, ನಾಣ್ಯ ಹೋಯಿತು, ತಗಡು ಉಳಿಯಿತು. "ತೊಳಿಬ್ಯಾಡ್ರಿ. ತೊಳೀಲೇಬೇಕು ಅಂದ್ರೆ ತಿಕ್ಕಬ್ಯಾಡ್ರಿ. ತಿಕ್ಕಲೇಬೇಕು ಅನ್ನಿಸಿದ್ರೆ ಮನ್ಯಾಗೆ ಹಿತ್ತಾಳೆ ಚೊಂಬು ಇರ್ತಾವಲ್ಲ, ಅವನ್ನ ತಿಕ್ರಿ" ಎನ್ನುತ್ತಿದ್ದರು. ತೀರ ಜಿಗುಟು ಹಿಡಿದಿದ್ದರೆ ಮಾತ್ರ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಶುದ್ಧ ನೀರಲ್ಲಿ ನೆನೆಹಾಕಿ, ಹತ್ತಿ ಬಟ್ಟೆಯ ಮೇಲಿಟ್ಟು, ಒತ್ತಿ ತೇವ ತೆಗೆದು, ತಾನಾಗಿ ಒಣಗಲು ಬಿಡಬೇಕು. ಒರೆಸಬಾರದು. ನಾನು ಬ್ಯಾಟರಿ ನೀರಿನ ಕ್ಯಾನು ತಂದು ಅಡುಗೆಮನೆಯಲ್ಲಿಟ್ಟಾಗ ನೀಲಾ, "ನಾಣ್ಯಕ್ಕೆ ಕ್ಯಾನ್ ನೀರು, ನಮಗೆ ನಲ್ಲಿ ನೀರು. ಆಗ್ಲಿ ಬಿಡ್ರಿ" ಎಂದಳು. "ಆಗ್ಲಿ ಬಿಡ್ರಿ" ಎಂದು ಅವಳು ಹೇಳಿದ ಯಾವ ವಿಷಯವೂ ಈವರೆಗೆ ಸುಮ್ಮನೆ ಆಗಿ ಹೋದದ್ದಿಲ್ಲ.

ಈಗ ಹುಲಿಯ ವಿಷಯಕ್ಕೆ ಬರುತ್ತೇನೆ. ಬ್ರಿಟಿಷರು ಹೊರಡುವ ವರ್ಷ ಹೊಡೆಸಿದ ಒಂದು ರೂಪಾಯಿ ನಾಣ್ಯವಿದೆ. ನಿಕ್ಕಲ್ಲಿನದು. ಒಂದು ಕಡೆ ಕಿರೀಟ ಹಾಕಿದ ರಾಜ, ಇನ್ನೊಂದು ಕಡೆ ನಡೆದು ಹೋಗುತ್ತಿರುವ ಹುಲಿ. ಇದೇನೂ ಜಗತ್ತಿನಲ್ಲಿ ಒಂದೇ ಒಂದು ಇರುವಂಥದ್ದಲ್ಲ. ಬೇಕಾದವರಿಗೆ ಸಿಗುತ್ತದೆ, ಆದರೆ ಸಿಗುವವೆಲ್ಲ ಕೈಯಿಂದ ಕೈಗೆ ಓಡಾಡಿ ಹುಲಿಯ ಪಟ್ಟೆ ಸವೆದು ಕತ್ತೆಯಂತಾಗಿರುತ್ತವೆ. ಹಾಲೇಶಪ್ಪನವರ ಹತ್ತಿರ ಇದ್ದ ಹುಲಿ ಬೇರೆ. ಅದು ಟಂಕಸಾಲೆಯಿಂದ ಹೊರಬಿದ್ದ ಮೇಲೆ ಒಮ್ಮೆಯೂ ಖರ್ಚಾಗದ ನಾಣ್ಯ. ಅದನ್ನು ಕೊಟ್ಟು ಯಾರೂ ಒಂದು ಬೆಲ್ಲದಚ್ಚನ್ನೂ ಕೊಂಡಿರಲಿಲ್ಲ. ಹುಲಿಯ ಮೀಸೆಯನ್ನು ಭೂತಗನ್ನಡಿ ಇಲ್ಲದೆ ನೋಡಬಹುದಿತ್ತು. ನಾನು ಅದನ್ನು ಕೇಳಿ ಕೇಳಿ, ಹಬ್ಬಕ್ಕೆ ಹೋಳಿಗೆ ಕಳಿಸಿ, ಅವರ ಮನೆಯ ಜೋಳ ತುಂಬಿಡಲು ಒಳ್ಳೆಯ ಚೀಲ ಕಳಿಸಿ, ಕೊನೆಗೂ ಒಪ್ಪಿಸಿ ಕೊಂಡೆ. ಅವರು ಕೊಡುವಾಗ ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಅದರ ಮುಖವನ್ನು ಇನ್ನೊಮ್ಮೆ ಭೂತಗನ್ನಡಿಯಲ್ಲಿ ನೋಡಿಕೊಂಡರು. ಆಮೇಲೆ ವಾರಕ್ಕೊಮ್ಮೆ ಫೋನ್ ಮಾಡಿ, ನನ್ನನ್ನಾಗಲಿ ನೀಲಾಳನ್ನಾಗಲಿ ಕೇಳದೆ, "ಹುಲಿ ಹೆಂಗೈತ್ರಿ?" ಎಂದು ಕೇಳುವುದು ಶುರುವಾಯಿತು.

ಹುಲಿ ಚೆನ್ನಾಗಿತ್ತು. ಅದನ್ನು ಅವರು ಇಟ್ಟಿದ್ದ ಪ್ಲಾಸ್ಟಿಕ್ ಲಕೋಟೆಯ ಜಿಗುಟು ಸ್ವಲ್ಪ ಹಿಡಿದಿತ್ತು, ಅಷ್ಟೆ. ಒಂದು ಶುಕ್ರವಾರ ಬೆಳಗ್ಗೆ ಬ್ಯಾಟರಿ ನೀರಿನಲ್ಲಿ ನೆನೆಸಿ, ತೆಗೆದು, ಊಟದ ಟೇಬಲ್ಲಿನ ಮೂಲೆಯಲ್ಲಿ ಬಿಳಿ ಬಟ್ಟೆ ಹಾಸಿ ಒಣಗಲು ಇಟ್ಟು ಅಂಗಡಿಗೆ ಹೋದೆ. ಸಂಜೆ ಬಂದು ಕೈತೊಳೆದು ನೋಡಿದರೆ ಬಟ್ಟೆ ಇತ್ತು, ಹುಲಿ ಇರಲಿಲ್ಲ.

ಆ ದಿನ ಮಧ್ಯಾಹ್ನ ನೀಲಾಳ ಚಿಕ್ಕಮ್ಮ ಗಂಗಮ್ಮನವರು ಸೀರೆ ಕೊಳ್ಳಲು ಹರಿಹರದಿಂದ ಬಂದಿದ್ದರಂತೆ. ಊಟ ಮಾಡಿ ಹೊರಟರು. ಶುಕ್ರವಾರ, ಹಿರಿಯ ಮುತ್ತೈದೆ, ತವರಿನ ಕಡೆಯವರು. ಉಡಿ ತುಂಬದೆ ಕಳಿಸುವುದು ಹೇಗೆ? ಅಕ್ಕಿ ಇತ್ತು, ಕೊಬ್ಬರಿ ಬಟ್ಟಲು ಇತ್ತು, ಎಲೆ ಅಡಿಕೆ, ಅರಿಶಿನದ ಕೊಂಬು, ಕುಬಸದ ಬಟ್ಟೆ ಎಲ್ಲ ಇತ್ತು. ಇವುಗಳ ಮೇಲೆ ಇಡಲು ಒಂದು ರೂಪಾಯಿ ಇರಲಿಲ್ಲ. ಈಗ ಯಾರ ಮನೆಯಲ್ಲಿ ಚಿಲ್ಲರೆ ಇದೆ ಹೇಳಿ. ಸೊಪ್ಪಿನವಳಿಗೂ ಫೋನ್ ತೋರಿಸಿ ದುಡ್ಡು ಕೊಡುತ್ತೇವೆ. ಎಲ್ಲಕ್ಕೂ ಫೋನ್ ನಡೆಯುತ್ತದೆ, ಉಡಿಗೆ ನಡೆಯುವುದಿಲ್ಲ. ಸೆರಗು ಒಡ್ಡಿ ನಿಂತ ಚಿಕ್ಕಮ್ಮನನ್ನು ನಿಲ್ಲಿಸಿಕೊಂಡು ನೀಲಾ ಮನೆಯೆಲ್ಲ ಹುಡುಕಿದ್ದಾಳೆ. ಟೇಬಲ್ಲಿನ ಮೇಲೆ ಫಳಫಳ ಹೊಳೆಯುವ ರೂಪಾಯಿ ಕಂಡಿದೆ.

"ಒಂದು ರೂಪಾಯಿ ಅಂತ ಬರೆದಿತ್ತಲ್ರಿ" ಎಂದಳು ನೀಲಾ.

"ಹುಲಿ ಇತ್ತಲ್ಲೇ ಅದರ ಮೇಲೆ!"

"ದಿನಕ್ಕೊಂದು ನಮೂನಿ ಬಿಡ್ತಾರಪ್ಪ ಈಗೀಗ. ಹುಲಿದೂ ಒಂದು ಬಿಟ್ಟಿರಬೇಕು ಅಂದ್ಕೊಂಡೆ. ನಿಮ್ಮ ಹಳೇವೆಲ್ಲ ಕರ್ರಗೆ, ಹಸಿರು ಹಸಿರಾಗಿ ಇರ್ತಾವೆ. ಇದು ಹೊಸದರಂಗೆ ಹೊಳೀತಿತ್ತು."

ತರ್ಕದಲ್ಲಿ ಎಲ್ಲೂ ತಪ್ಪು ಸಿಗಲಿಲ್ಲ. ಬರೆದಿದ್ದು ಒಂದು ರೂಪಾಯಿ, ಬೇಕಾಗಿದ್ದು ಒಂದು ರೂಪಾಯಿ. ದೇಶ ಸ್ವತಂತ್ರವಾದಾಗಿನಿಂದ ಒಮ್ಮೆಯೂ ಚಲಾವಣೆಗೆ ಬಾರದ ನಾಣ್ಯವನ್ನು ನನ್ನ ಹೆಂಡತಿ ಒಂದು ಮಧ್ಯಾಹ್ನ ಊಟವಾದ ಮೇಲೆ ಚಲಾವಣೆಗೆ ಬಿಟ್ಟಿದ್ದಳು. ನಾನು ಕುರ್ಚಿಯ ಮೇಲೆ ಕೂತೆ. ನಿಜ ಹೇಳುತ್ತೇನೆ, ನನಗೆ ಅಳು ಬಂದಿತ್ತು. ಗೋಣಿಚೀಲದ ವ್ಯಾಪಾರಿಯೊಬ್ಬ ಊಟದ ಟೇಬಲ್ಲಿನ ಮುಂದೆ ಕೂತು ಒಂದು ರೂಪಾಯಿಗಾಗಿ ಅಳುವುದನ್ನು ಯಾರಾದರೂ ನೋಡಿದರೆ ಮಂಡಿಪೇಟೆಯಲ್ಲಿ ನಾಳೆಯಿಂದ ಉದ್ರಿ ಸಿಗುವುದಿಲ್ಲ ಎಂದು ತಡೆದುಕೊಂಡೆ. ಫೋನ್ ಮಾಡಿ ಕೇಳು ಎಂದರೆ ನೀಲಾ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. "ಉಡ್ಯಾಗೆ ಹಾಕಿದ್ದನ್ನ ವಾಪಸ್ ಕೇಳ್ತಾರೇನ್ರಿ ಯಾರಾದ್ರೂ? ನಮ್ಮ ತವರಿನ ಮಾನ ಹೋಗ್ತೈತೆ" ಎಂದಳು. ಅವಳ ತವರಿಗೆ ಇಷ್ಟೊಂದು ಮಾನವಿರುವುದು ನನಗೆ ಮೊದಲೂ ಗೊತ್ತಿತ್ತು. ಅದು ನನ್ನ ನಾಣ್ಯದ ಮೇಲೆ ನಿಂತಿದೆ ಎಂದು ಗೊತ್ತಿರಲಿಲ್ಲ.

ಎರಡು ದಿನ ಯೋಚಿಸಿ ನಾನೊಂದು ಉಪಾಯ ಮಾಡಿದೆ. ನಾವೇ ಹರಿಹರಕ್ಕೆ ಹೋಗುವುದು. ನಾವು ಹೊರಡುವಾಗ ಚಿಕ್ಕಮ್ಮ ನೀಲಾಳ ಉಡಿ ತುಂಬಲೇಬೇಕು. ಅವರ ಮನೆಯಲ್ಲೂ ಚಿಲ್ಲರೆ ಇರುವುದಿಲ್ಲ. ಇರುವುದೊಂದೇ ರೂಪಾಯಿ, ಅದು ನನ್ನದು. ಹುಲಿ ಹೋದ ದಾರಿಯಲ್ಲೇ ವಾಪಸ್ ಬರುತ್ತದೆ, ಯಾರ ಮಾನವೂ ಹೋಗುವುದಿಲ್ಲ. ಈ ಉಪಾಯ ನೀಲಾಳಿಗೂ ಹಿಡಿಸಿತು. ನಾನು ಹೇಳಿದ್ದೊಂದು ಅವಳಿಗೆ ಹಿಡಿಸಿತೆಂದರೆ ಅದರಲ್ಲಿ ಎಲ್ಲೋ ತೂತು ಇದೆ ಎಂದು ಆಗಲೇ ಅನುಮಾನ ಬರಬೇಕಿತ್ತು.

ಗಂಗಮ್ಮ ಚಿಕ್ಕಮ್ಮನಿಗೆ ಹೆಣ್ಣುಮಕ್ಕಳಿಲ್ಲ. ಹೀಗಾಗಿ ಅಳಿಯನಿಗೆಂದು ಒಂದು ಮನೆತನ ಕೂಡಿಟ್ಟುಕೊಂಡ ಮರ್ಯಾದೆಯೆಲ್ಲ ನನ್ನೊಬ್ಬನ ಮೇಲೆಯೇ ಬೀಳುತ್ತದೆ. ಹೊಸಿಲು ದಾಟುವ ಮೊದಲೇ ಕಾಲಿಗೆ ನೀರು ಬಂತು. "ಬರ್ರಿ ಅಳಿಯಂದ್ರೆ, ಕೂಡ್ರಿ. ಯಾಕ ಇಷ್ಟು ಸೊರಗೀರಿ?" ಎನ್ನುತ್ತ ಫ್ಯಾನನ್ನು ನನ್ನ ಕಡೆಗೇ ತಿರುಗಿಸಿದರು. ಒಗ್ಗರಣೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಬಂದವು. ನಾನು ತಿನ್ನುತ್ತ ತಿನ್ನುತ್ತ ಎದುರಿಗೇ ಕಾಣುತ್ತಿದ್ದ ದೇವರ ಜಗಲಿಯನ್ನು ನೋಡಿದೆ. ಅಲ್ಲಿತ್ತು ನನ್ನ ಹುಲಿ. ಸಣ್ಣ ತಟ್ಟೆಯಲ್ಲಿ, ಒಂದು ಹೂವಿನ ಪಕ್ಕದಲ್ಲಿ ಮಲಗಿತ್ತು. ದೇವರಿಗೆ ನಮಸ್ಕಾರ ಮಾಡುವ ನೆವದಲ್ಲಿ ಎದ್ದು ಹೋಗಿ ಬಗ್ಗಿ ನೋಡಿದೆ. ಹುಲಿಯ ಬೆನ್ನಿನ ಮೇಲೆ ಒಂದು ಕುಂಕುಮದ ಬೊಟ್ಟು, ಅಷ್ಟೆ. ಒಂದು ಗೀರು ಇರಲಿಲ್ಲ. ಮೀಸೆ ಹಾಗೇ ಇತ್ತು. ಕುಂಕುಮ ಬ್ಯಾಟರಿ ನೀರಿಗೆ ಬಿಡುತ್ತದೆ. ನಾನು ಬಹಳ ಹೊತ್ತು ಕೈಮುಗಿದು ನಿಂತಿದ್ದನ್ನು ನೋಡಿ ಚಿಕ್ಕಮ್ಮ ಒಳಗೆ ನೀಲಾಳಿಗೆ, "ಅಳಿಯಂದ್ರಿಗೆ ಭಾಳ ಭಕ್ತಿ ಬಂದೈತಲ್ಲೇ" ಎಂದದ್ದು ನನಗೂ ಕೇಳಿಸಿತು.

ಹೊರಡುವ ಹೊತ್ತಾಯಿತು. ನೀಲಾ ಸೆರಗು ಒಡ್ಡಿ ನಿಂತಳು. ಅಕ್ಕಿ ಬಿತ್ತು, ಕೊಬ್ಬರಿ ಬಟ್ಟಲು ಬಿತ್ತು, ಎಲೆ ಅಡಿಕೆ ಬಿತ್ತು. ಚಿಕ್ಕಮ್ಮನ ಕೈ ಜಗಲಿಯ ಕಡೆಗೆ ಹೋಯಿತು. ಕೈ ತಟ್ಟೆಯನ್ನು ದಾಟಿ, ಹಿಂದೆ ಇದ್ದ ಡಬ್ಬಿಯೊಳಗೆ ಹೋಗಿ, ಒಂದು ಹತ್ತು ರೂಪಾಯಿ ನಾಣ್ಯ ಹಿಡಿದುಕೊಂಡು ಬಂತು. "ನೀನು ಮಗಳು, ಒಂದು ಹಾಕಿದ್ರೆ ನಡೀತೈತೆ. ನಾನು ಹಿರೇಳು, ಹತ್ತಾದ್ರೂ ಹಾಕಬೇಕಲ್ಲ" ಎಂದರು. ಹತ್ತು ರೂಪಾಯಿ ನಾಣ್ಯವನ್ನು ನಮ್ಮ ಕಡೆಯ ಅಂಗಡಿಯವರು ಬಹಳ ಮಂದಿ ಇವತ್ತಿಗೂ ಮುಟ್ಟುವುದಿಲ್ಲ. ನಾನೂ ಅಂಗಡಿಯಲ್ಲಿ ಮುಟ್ಟುವುದಿಲ್ಲ. ಹೀಗೆ ಯಾರೂ ತೆಗೆದುಕೊಳ್ಳದ ನಾಣ್ಯಗಳು ಅವರ ಡಬ್ಬಿಯಲ್ಲಿ ಸೇರಿಕೊಂಡು ಉಡಿಗೆಂದೇ ಕಾದಿದ್ದವು. ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ.

ನನ್ನ ಮುಖ ಹೇಗಾಗಿತ್ತೋ ನನಗೆ ಗೊತ್ತಿಲ್ಲ. ನೀಲಾ ಒಮ್ಮೆ ನೋಡಿದಳು. ಆಮೇಲೆ ತವರಿನ ಮಾನವನ್ನು ಬದಿಗಿಟ್ಟು, "ಚಿಕ್ಕಮ್ಮ, ತಪ್ಪು ತಿಳ್ಕೋಬ್ಯಾಡ. ಅವತ್ತು ಅವಸರದಾಗೆ ಇವರು ಜ್ವಾಪಾನ ಮಾಡಿಟ್ಟಿದ್ದ ರೂಪಾಯಿ ನಿನ್ನ ಉಡಿಗೆ ಹಾಕಿಬಿಟ್ಟೀನಿ. ಇವರು ಊಟ ನಿದ್ದಿ ಬಿಟ್ಟಾರೆ" ಎಂದುಬಿಟ್ಟಳು. ಆ ಕ್ಷಣದಲ್ಲಿ ನನ್ನ ಹೆಂಡತಿಯ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಬ್ಯಾಟರಿ ನೀರನ್ನು ಅವಳಿಗೇ ಕುಡಿಸಿಬಿಡೋಣ ಅನ್ನಿಸಿತು. ಚಿಕ್ಕಮ್ಮ ಒಂದಿಷ್ಟೂ ಬೇಸರ ಮಾಡಿಕೊಳ್ಳಲಿಲ್ಲ. "ಅಯ್ಯ, ಇಷ್ಟಕ್ಕಾ! ಮೊದ್ಲೇ ಹೇಳಬಾರದಾ? ನಾವೇನು ಹೊರಗಿನೋರಾ?" ಎಂದು ನಕ್ಕು ಹುಲಿಯನ್ನು ತಟ್ಟೆಯಿಂದ ಎತ್ತಿಕೊಂಡರು. ನಾನು ಕೈ ಚಾಚಿದೆ. ಅವರು ನಾಣ್ಯ ನೋಡಿದರು, ನನ್ನ ಕೈ ನೋಡಿದರು. "ತಡೀರಿ, ಕುಂಕುಮ ಮೆತ್ತೈತೆ. ಅಳಿಯಂದ್ರ ಕೈಗೆ ಹೊಲಸು ಕೊಡ್ತಾರಾ?" ಎಂದು ಒಳಗೆ ನಡೆದರು.

ಮುಂದಿನದನ್ನು ನಾನು ನೋಡಲಿಲ್ಲ, ಕೇಳಿದೆ. ಹುಣಸೆಹಣ್ಣಿನ ಡಬ್ಬಿ ತೆರೆದ ಸದ್ದು. ಹಿಂದಿನ ಬಾಗಿಲು ತೆರೆದ ಸದ್ದು, ಅಂದರೆ ಬಚ್ಚಲ ಒಲೆಯ ಬೂದಿ. ಆಮೇಲೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ನಿಕ್ಕಲ್ಲಿನ ಮೇಲೆ ಕರಕರ ಓಡಾಡುವ ಸದ್ದು. ಹತ್ತು ಹೆಜ್ಜೆ ದೂರದಲ್ಲಿ ನನ್ನ ಹುಲಿಯ ಮೀಸೆ ಹೋಗುತ್ತಿತ್ತು. ತಿಕ್ಕಬೇಡಿ ಎಂದು ನಾನು ಎಷ್ಟು ಜನಕ್ಕೆ ಭಾಷಣ ಮಾಡಿದ್ದೇನೋ ಲೆಕ್ಕವಿಲ್ಲ. ಅಂಗಡಿಗೆ ಬಂದ ಗಿರಾಕಿಗಳನ್ನೂ ಬಿಟ್ಟಿಲ್ಲ. ಆದರೆ ಬೀಗರ ಮನೆಯಲ್ಲಿ ಕೂತ ಅಳಿಯ ಅಡುಗೆಮನೆಗೆ ಓಡಿಹೋಗಿ ಅತ್ತೆಯ ಸಮಾನರಾದವರ ಕೈ ಹಿಡಿದು ನಾರು ಕಸಿದುಕೊಳ್ಳುವುದು ಹೇಗೆ? ಎರಡು ಸಲ ಬಾಯಿ ತೆರೆದೆ. "ಇನ್ನೊಂದು ಮೆಣಸಿನಕಾಯಿ ಹಾಕಲೇನ್ರಿ?" ಎಂದು ಚಿಕ್ಕಮ್ಮನ ಗಂಡ ಚಿಕ್ಕಪ್ಪ ತಟ್ಟೆ ಹಿಡಿದು ಬಂದು ಕೇಳಿದರು. ಹಾಕಿ ಎಂದೆ.

ಚಿಕ್ಕಮ್ಮ ಎಲೆ ಅಡಿಕೆಯ ಜೊತೆ ತಟ್ಟೆಯಲ್ಲಿಟ್ಟು ಎರಡೂ ಕೈಯಲ್ಲಿ ತಂದುಕೊಟ್ಟರು. ನಾಣ್ಯ ಹೊಳೆಯುತ್ತಿತ್ತು. ಉದ್ದಕ್ಕೆ, ಅಡ್ಡಕ್ಕೆ, ಸುತ್ತಲೂ ಗೀರುಗಳು. ಹುಲಿ ಮುಳ್ಳುಬೇಲಿಯೊಳಗೆ ಸಿಕ್ಕಿಹಾಕಿಕೊಂಡಂತೆ ಕಾಣುತ್ತಿತ್ತು. "ನೋಡ್ರಿ ಈಗ. ಹೆಂಗೆ ಬಂತು?" ಎಂದು ಅವರು ಬೆವರು ಒರೆಸಿಕೊಂಡರು. ಅವರ ಮುಖದಲ್ಲಿದ್ದ ಸಂತೋಷ ನೋಡಿ, "ಭಾಳ ಚಲೋ ಆತು ಚಿಕ್ಕಮ್ಮ. ಹಿಂಗೆ ಹೊಳೆದದ್ದು ನಾನು ನೋಡೇ ಇರಲಿಲ್ಲ" ಎಂದೆ. ಎರಡನೆಯ ವಾಕ್ಯ ನಿಜವೇ ಆಗಿತ್ತು. ಆಮೇಲೆ ನಾಣ್ಯವನ್ನು ಅವರ ಕೈಗೇ ವಾಪಸ್ಸಿಟ್ಟು, "ಇರಲಿ ಚಿಕ್ಕಮ್ಮ. ಉಡಿಗೆ ಬಿದ್ದದ್ದು ನಿಮ್ಮದೇ. ದೇವರ ಮುಂದೆ ಇರಲಿ" ಎಂದೆ. ಚಿಕ್ಕಮ್ಮನ ಕಣ್ಣು ಒದ್ದೆಯಾಯಿತು. ಚಿಕ್ಕಪ್ಪ, "ಎಂಥಾ ದೊಡ್ಡ ಮನಸ್ಸು!" ಎಂದರು. ಮೀಸೆ ಇದ್ದಾಗ ಉಡಿಯಿಂದಲೇ ಕಿತ್ತುಕೊಳ್ಳಲು ಬಂದಿದ್ದವನು, ಮೀಸೆ ಹೋದ ಮೇಲೆ ದಾನಶೂರನಾದೆ. ಬಸ್ಸಿನಲ್ಲಿ ನೀಲಾ, "ಗೀರು ಬಿದ್ದಿದ್ದಕ್ಕ ಬಿಟ್ಟು ಬಂದ್ರಿ, ಹೌದಲ್ಲ?" ಎಂದು ಕೇಳಿದಳು. ನಾನು ಕಂಡಕ್ಟರನನ್ನು ಕರೆದು ದಾವಣಗೆರೆಗೆ ಎರಡು ಟಿಕೆಟ್ ಕೇಳಿದೆ. ಹಾಲೇಶಪ್ಪನವರು ಆ ವಾರ ಫೋನ್ ಮಾಡಿದಾಗ ಹುಲಿ ಹರಿಹರದ ಕಡೆ ಒಂದು ಒಳ್ಳೆಯ ಮನೆಯಲ್ಲಿ ಆರಾಮಾಗಿದೆ ಎಂದೆ. ಅವರು ಇನ್ನೂ ಕಾರಣ ಕೇಳಿ ಫೋನ್ ಮಾಡುತ್ತಲೇ ಇದ್ದಾರೆ, ನಾನು ಎತ್ತುತ್ತಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ಇದನ್ನು ನಿಮ್ಮ ಮುಂದೆ ಹೇಳುತ್ತಿರಲಿಲ್ಲ. ಹೋದ ವಾರ ಚಿಕ್ಕಮ್ಮ ನಮ್ಮ ಮನೆಗೆ ಬಂದರು. ಕೂತವರೇ ಕೈಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ಮುಂದೆ ಬಿಚ್ಚಿದರು. ಬೆಳ್ಳಿಯ ರಾಣಿ ರೂಪಾಯಿ ಎರಡು, ಆನೆಯ ಚಿತ್ರವಿದ್ದ ಮೈಸೂರಿನ ತಾಮ್ರದ ಕಾಸು ಮೂರು. ಆನೆ ಕಾಸುಗಳನ್ನು ನಾನು ಹಾಲೇಶಪ್ಪನವರ ಮನೆಯಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲ. ಐದೂ ಮದುವೆಮನೆಯ ಕೊಪ್ಪರಿಗೆಯ ಹಾಗೆ ಹೊಳೆಯುತ್ತಿದ್ದವು. ಆನೆಗಳಿಗೆ ಸೊಂಡಿಲು ಇತ್ತೋ ಇಲ್ಲವೋ ಈಗ ಹೇಳಲು ಬರುವಂತಿರಲಿಲ್ಲ.

"ನಮ್ಮತ್ತೆಯೋರವು, ಅಟ್ಟದ ಮ್ಯಾಲೆ ಇದ್ವು" ಎಂದರು ಚಿಕ್ಕಮ್ಮ. "ಅಷ್ಟು ಪ್ರೀತಿಯ ರೂಪಾಯಿ ನನಗೆ ಬಿಟ್ಟು ಬಂದ್ರಿ. ನಾನು ಬರಿಗೈಲಿ ಬರಲಾ? ಮುಟ್ಟಕ್ಕಾಗದಂಗೆ ಕರ್ರಗಿದ್ವು. ಹಂಗೇ ತರೋಣ ಅಂದ್ರು ನಿಮ್ಮ ಚಿಕ್ಕಪ್ಪ. ನಾನೇ ಬ್ಯಾಡ ಅಂದೆ. ಅವತ್ತು ತಿಕ್ಕಿ ಕೊಟ್ಟಾಗ ನಿಮ್ಮ ಮುಖ ಎಷ್ಟು ಅರಳಿತ್ತು, ನಾನು ನೋಡೀನಲ್ಲ."

ನೀಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ಅಟ್ಟದ ಮೇಲೆ ಇನ್ನೂ ಇವೆಯೇ ಎಂದು ಕೇಳಿದೆ.

"ಒಂದು ತಂಬಿಗಿ ತುಂಬ ಅದಾವೆ!"

ಈಗಲಾದರೂ ಹೇಳಿಬಿಡಬೇಕು ಎಂದು ಎದ್ದು ನಿಂತೆ. ಅವರ ಬೆರಳುಗಳು ಹುಣಸೆಹುಳಿಗೆ ಬಿರಿದಿದ್ದು ಕಾಣಿಸಿತು. ಬಾಯಿಗೆ ಬಂದದ್ದು ಬೇರೆಯೇ. "ಚಿಕ್ಕಮ್ಮ, ನಿಮ್ಮ ಕೈ ನೋಯ್ತಾವೆ. ಅವು ಹಂಗೇ ಇರಲಿ ಬಿಡ್ರಿ" ಎಂದೆ.

"ಅಳಿಯಂದ್ರಿಗೆ ಮಾಡಿದ್ರೆ ಕೈ ನೋಯ್ತಾವೇನ್ರಿ?" ಎಂದು ಅವರು ನನ್ನ ಮಾತಿಗೆ ಕರಗಿಹೋದರು. ಹಬ್ಬದೊಳಗೆ ಅಷ್ಟನ್ನೂ ಮುಗಿಸುತ್ತಾರಂತೆ. ಮನೆಯಲ್ಲಿ ಹುಣಸೆಹಣ್ಣು ಮಾತ್ರ ತೀರಿದೆಯಂತೆ. ನೀಲಾ ನಮ್ಮ ಡಬ್ಬಿಯಿಂದ ತೆಗೆದು ಒಂದು ದೊಡ್ಡ ಪೊಟ್ಟಣ ಕಟ್ಟಿಕೊಟ್ಟಳು. ವಯಸ್ಸಾದವರು, ಭಾರ ಹೊರಬಾರದೆಂದು ಆ ಪೊಟ್ಟಣವನ್ನು ಬಸ್ ಸ್ಟ್ಯಾಂಡಿನವರೆಗೂ ಹೊತ್ತು, ಹರಿಹರದ ಬಸ್ಸಿನಲ್ಲಿ ಅವರ ಪಕ್ಕದ ಸೀಟಿನ ಮೇಲೆ ಜೋಪಾನವಾಗಿ ಇಟ್ಟು ಬಂದವನು ನಾನೇ.